ನೆಲವೂ ಹೌದು, ನೀರೂ ಹೌದು: ಇಂಥ ಜಾಗಕ್ಕೆ ಕನ್ನಡದಲ್ಲಿ ಏನಂತೀರಿ?

ಹೊಳೆದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಬರುತ್ತಿರುವ ಒಂದು ಚಿತ್ರಪುಸ್ತಕಕ್ಕೆ ಕನ್ನಡದ ಬರಹ ಒದಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಭೂಮಿಯ ಮೇಲಿನ ನೀರು ಅದರ ವಿಷಯ. ಉಳಿದ ಪುಟಗಳೆಲ್ಲ ಸಲೀಸಾಗಿ ಮುಗಿದವು. ಒಂದರಲ್ಲಿ ಮಾತ್ರ ನಾಲ್ಕು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಆ ಪುಟದಲ್ಲಿ ಒಂದು ಹೊಳೆ ಕಡಲು ಸೇರುತ್ತಿದೆ. ಸೇರುವ ಮೊದಲು ಕವಲೊಡೆದಿದೆ. ಕವಲುಗಳ ನಡುವೆ ತೆಂಗಿನ ಮರಗಳಿರುವ ಪುಟ್ಟ ಪುಟ್ಟ ನೆಲಗಳಿವೆ. ದಡದಲ್ಲಿ ಬೇರು ಮೇಲೆತ್ತಿಕೊಂಡು ನಿಂತ ಗಿಡಗಳು, ಪಕ್ಕದಲ್ಲಿ ಅರೆಬರೆ ಮುಳುಗಿದ ಗದ್ದೆ, ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳು. ಈ ಇಡೀ ದೃಶ್ಯಕ್ಕೆ ಒಂದೇ ಪದದ ತಲೆಬರಹ ಬೇಕು.

"ಜೌಗು ಪ್ರದೇಶ" ಎಂದು ಬರೆದು ಅಳಿಸಿದೆ. ಜೌಗು ಅಂದರೆ ಕಾಲಿಟ್ಟರೆ ಹೂತುಹೋಗುವ ಕೆಸರು ಕಣ್ಣಿಗೆ ಬರುತ್ತದೆ, ಈ ಚಿತ್ರ ಬರುವುದಿಲ್ಲ. "ದ್ವೀಪ" ಅಂದರೆ ಬರೀ ನೆಲ, "ಹಿನ್ನೀರು" ಅಂದರೆ ಬರೀ ನೀರು. ಎರಡೂ ಕಡೆ ಬದುಕುವ ಪ್ರಾಣಿಗೆ ಉಭಯಚರ ಎಂಬ ಪದವಿದೆ. ಎರಡೂ ಆಗಿರುವ ಜಾಗಕ್ಕೆ? ದಯವಿಟ್ಟು ತಿಳಿದವರು ಹೇಳಿ.


ಭೂಗೋಳಮೇಷ್ಟ್ರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದೇ ಪಾಠ ಮಾಡಿದವನು ನಾನು. ಪಠ್ಯಪುಸ್ತಕದ ಪದಗಳನ್ನು ಮೊದಲು ಹೇಳಿಬಿಡುತ್ತೇನೆ. ಮೂರು ಕಡೆ ನೀರಿದ್ದರೆ ಪರ್ಯಾಯದ್ವೀಪ. ಎರಡು ದೊಡ್ಡ ನೆಲಗಳನ್ನು ಕೂಡಿಸುವ ಕಿರಿದಾದ ನೆಲ ಭೂಸಂಧಿ, ಎರಡು ಕಡಲುಗಳನ್ನು ಕೂಡಿಸುವ ಕಿರಿದಾದ ನೀರು ಜಲಸಂಧಿ. ಕಡಲಿಗೆ ಚಾಚಿದ ನೆಲದ ತುದಿ ಭೂಶಿರ, ನೆಲದೊಳಗೆ ಚಾಚಿದ ಕಡಲು ಕೊಲ್ಲಿ. ನದಿ ಹೊತ್ತು ತಂದ ಮಣ್ಣಿನಿಂದ ಆದದ್ದು ನದೀಮುಖಜ ಭೂಮಿ.

ಇವೆಲ್ಲ ಗೆರೆ ಎಳೆದು ಹೇಳುವ ಪದಗಳು. ಈಚೆ ನೆಲ, ಆಚೆ ನೀರು, ನಡುವೆ ಖಚಿತವಾದ ಗೆರೆ. ನಿಮ್ಮ ಚಿತ್ರದಲ್ಲಿ ಗೆರೆಯೇ ಇಲ್ಲ, ಅದಕ್ಕೇ ಪಠ್ಯದ ಪದ ಯಾವುದೂ ಕೂರುತ್ತಿಲ್ಲ.

ಇನ್ನೊಂದು ಮಾತು. "ಪರ್ಯಾಯದ್ವೀಪ" ಎಂದಾಗಲೆಲ್ಲ ಯಾವುದಾದರೂ ಮಗು "ಯಾವುದರ ಬದಲಿಗೆ ಸಾರ್?" ಎಂದು ಕೇಳಿಯೇ ಕೇಳುತ್ತಿತ್ತು. ತಪ್ಪು ಮಗುವಿನದಲ್ಲ. ಇವತ್ತಿನ ಕನ್ನಡದಲ್ಲಿ ಪರ್ಯಾಯ ಅಂದರೆ ಬದಲಿ. ಮಕ್ಕಳ ಪುಸ್ತಕ ಬರೆಯುವಾಗ ಇಂಥ ಪದಗಳ ಬಗ್ಗೆ ಎಚ್ಚರವಿರಲಿ.


ಅಳಿವೆಬಾಗಿಲು

ನೀವು ಹೇಳಿದ ಚಿತ್ರದಲ್ಲಿ ಹೆಸರಿಲ್ಲದ ವಸ್ತು ಒಂದೂ ಇಲ್ಲ. ಒಂದೊಂದಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಹೊಳೆ ಕಡಲು ಸೇರುವ ಜಾಗ ಅಳಿವೆ. ದೋಣಿಗಳು ಒಳಗೆ ಹೊರಗೆ ಹೋಗಿಬರುವ ಬಾಯಿಗೆ ಅಳಿವೆ ಬಾಗಿಲು ಅಂತಾರೆ. ಮೀನುಗಾರರಿಗೆ ಇದು ದಿನಬಳಕೆಯ ಮಾತು. ಅಳಿವೆಯಲ್ಲಿ ಹೂಳು ತುಂಬಿತು, ಅಳಿವೆ ದಾಟುವಾಗ ದೋಣಿ ಮಗುಚಿತು ಎಂದು ಪತ್ರಿಕೆಯಲ್ಲೂ ಓದಿರುತ್ತೀರಿ. ಮಲಯಾಳದವರು ಇದನ್ನೇ ಅಳಿಮುಖಂ ಅನ್ನುತ್ತಾರೆ.

ಹೊಳೆಯ ನಡುವಿನ ನೆಲ ಕುದ್ರು. ಕುಂದಾಪುರದ ಕಡೆ ಉಪ್ಪಿನಕುದ್ರು, ಕನ್ನಡಕುದ್ರು ಎಂದು ಊರುಗಳೇ ಇವೆ. ಹೊನ್ನಾವರ, ಕುಮಟೆಯ ಕಡೆಗೆ ಹೋದರೆ ಅದೇ ಕುರ್ವೆ ಆಗುತ್ತದೆ. ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ಕಡಲಿನ ನಡುವೆ ಇರುವುದನ್ನು ಯಾರೂ ಕುದ್ರು ಅನ್ನುವುದಿಲ್ಲ, ಹೊಳೆಯದ್ದು ಮಾತ್ರ ಕುದ್ರು. ದ್ವೀಪ ಎಂಬ ಪದಕ್ಕೆ ಈ ಭೇದ ಗೊತ್ತೇ ಇಲ್ಲ.

ಬೇರು ಮೇಲೆತ್ತಿ ನಿಂತ ಗಿಡ ಕಾಂಡ್ಲಾ. "ಮ್ಯಾಂಗ್ರೋವ್" ಎಂದು ಬರೆದು ಮಕ್ಕಳ ನಾಲಿಗೆ ಹೊರಳಿಸಬೇಡಿ.

ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳು ಬೆಂಗ್ರೆ. ಮಂಗಳೂರಿನಲ್ಲಿ ಕಸಬ ಬೆಂಗ್ರೆ, ತೋಟ ಬೆಂಗ್ರೆ, ಉಡುಪಿಯ ಉತ್ತರಕ್ಕೆ ಕೋಡಿ ಬೆಂಗ್ರೆ. ಅಲ್ಲಿ ನಿಂತರೆ ಒಂದು ಕಿವಿಗೆ ಕಡಲಿನ ಸದ್ದು, ಇನ್ನೊಂದು ಕಿವಿಗೆ ಹೊಳೆಯ ಮೌನ. ಬೆಂಗ್ರೆಯ ತುದಿ ಕೋಡಿ.

ಇನ್ನು ಅರೆ ಮುಳುಗಿದ ಗದ್ದೆ. ಅದು ಅಘನಾಶಿನಿಯ ದಡದ್ದಾದರೆ ಗಜನಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಪದ ಇದೇ ಎಂದು ನನ್ನ ನಂಬಿಕೆ. ಹೊಳೆಯ ಪಕ್ಕದ ತಗ್ಗು ನೆಲಕ್ಕೆ ಕಟ್ಟೆ ಹಾಕಿ, ನೀರು ಬಂದುಹೋಗಲು ಹಲಗೆಯ ಬಾಗಿಲು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಮಳೆನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಆಗ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಅದು ಉಪ್ಪು ತಡೆಯುತ್ತದೆ, ನೆರೆ ಬಂದು ನಿಂತರೂ ಎತ್ತರಕ್ಕೆ ಬೆಳೆದು ತಲೆ ಮೇಲಿಟ್ಟುಕೊಳ್ಳುತ್ತದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಇದಕ್ಕೆ ಹೆಸರಾದ ಊರು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನೆಲವೋ ನೀರೋ ಎಂದು ಗಜನಿಯನ್ನು ಕೇಳಬಾರದು, ಯಾವ ತಿಂಗಳು ಎಂದು ಕೇಳಬೇಕು.


ಹೊಳೆದಂಡೆ (ಪ್ರಶ್ನೆ ಕೇಳಿದವರು)

ಅಳಿವೆಬಾಗಿಲು ಅವರೇ, ಕೈ ಮುಗಿದೆ. ಎರಡು ಸಲ ಓದಿದೆ. ಒಂದು ಪದ ಕೇಳಿ ಬಂದವನಿಗೆ ಏಳು ಕೊಟ್ಟಿರಿ. ಆದರೆ ಮೂಲ ಚಿಂತೆ ಹಾಗೇ ಉಳಿಯಿತು. ಇವೆಲ್ಲವನ್ನೂ ಒಳಗೊಳ್ಳುವ ಹೆಸರು ಯಾವುದು?

ಅಂದಹಾಗೆ, ನಾನು ಬಯಲುಸೀಮೆಯವನು. ನನಗೆ ಕೋಡಿ ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ. ನೀವು ಮರಳಿನ ತುದಿಗೆ ಕೋಡಿ ಅಂದಿರಿ. ಎರಡೂ ಒಂದೇ ಪದವೇ?


ಭೂಗೋಳಮೇಷ್ಟ್ರು

ಕೋಡು ಎಂದರೆ ಕೊಂಬು, ತುದಿ. ಕೆರೆಯ ಏರಿಯ ತುದಿಯಲ್ಲೇ ತಾನೇ ಹೆಚ್ಚುವರಿ ನೀರಿಗೆ ದಾರಿ ಬಿಡುವುದು? ಕಡಲ ದಂಡೆಯಲ್ಲಿ ಮರಳಿನ ತುದಿ. ಒಳನಾಡಿಗೂ ಕರಾವಳಿಗೂ ಅರ್ಥ ಬೇರೆ ಕಂಡರೂ ತುದಿ ಎನ್ನುವುದು ಎರಡರಲ್ಲೂ ಇದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಕೆರೆ ಎಂದಾಗ ನೆನಪಾಯಿತು. ಒಳನಾಡಿನಲ್ಲಿ ನೆಲವೂ ನೀರೂ ಆಗುವ ಜಾಗ ಕೆರೆಯಂಗಳ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವು ಕೆರೆಯ ಸುತ್ತಿನ ಪದಗಳು. ಅಂಗಳ ಮಾತ್ರ ಕೆರೆಯ ಒಳಗಿನದು. ಮಳೆಗಾಲ ಮುಗಿದಾಗ ಅದು ನೀರು, ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ದನ ಮೇಯುವ ಹುಲ್ಲುಗಾವಲು. ಮನೆಯ ಮುಂದಿನ ಜಾಗದ ಹೆಸರನ್ನು ನೀರಿನ ತಳಕ್ಕೆ ಇಟ್ಟವರು ಆ ನೀರಿನೊಂದಿಗೆ ಎಷ್ಟು ಸಲಿಗೆಯಿಂದ ಇದ್ದಿರಬೇಕು!


ಕೃಷ್ಣಾತೀರ

ನಮ್ಮ ಕಡೀ ಪದನೂ ಸ್ವಲ್ಪ ಕೇಳ್ರಿ. ಹೊಳಿ ನಡುವಿನ ಊರಿಗೆ ನಾವು ಗಡ್ಡಿ ಅಂತೀವಿ. ಕೃಷ್ಣಾ ನದ್ಯಾಗ ನೀಲಕಂಠರಾಯನಗಡ್ಡಿ ಐತಿ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ರ ಆ ಊರಿಗೆ ದಾರಿ ಬಂದ್. ರಾಯಚೂರ ಕಡೆ ಕುರ್ವಕುಲಾ, ಕುರ್ವಕುರ್ದಾ ಅಂತ ನಡುಗಡ್ಡಿ ಊರು ಅದಾವು. ಮ್ಯಾಲೆ ಅಳಿವೆಬಾಗಿಲು ಅವರು ಕುರ್ವೆ ಅಂದ್ರಲ್ಲ, ಅದನ್ನ ಓದಿ ಮೈ ಜುಂ ಅಂತು. ಕಡಲಿಂದ ಇಷ್ಟು ದೂರ ಇರೋ ನಮ್ಮೂರ ಹೊಳ್ಯಾಗೂ ಅದೇ ಕುರ್ವ.

ಇನ್ನೊಂದು. ಜೌಗು ಅನ್ನೋ ಪದ ಎಲ್ಲಾ ಕಡೆ ಒಂದೇ ಅರ್ಥಕ್ಕ ಹಚ್ಚಬ್ಯಾಡ್ರಿ. ನಮ್ಮಲ್ಲಿ ಸವಳು ಬ್ಯಾರೆ, ಜವಳು ಬ್ಯಾರೆ. ಸವಳು ಅಂದ್ರ ಉಪ್ಪು ಮ್ಯಾಲೆದ್ದು ಬೆಳ್ಳಗಾದ ನೆಲ. ಜವಳು ಅಂದ್ರ ನೀರು ಕುಡದು ಕುಡದು ಹೊಟ್ಟಿ ಉಬ್ಬಿದ ನೆಲ. ಕಾಲುವಿ ಬಂದ ಮ್ಯಾಲೆ, ಹೆಚ್ಚಿನ ನೀರು ಹೊರಗ ಹೋಗಾಕ ದಾರಿ ಇಲ್ಲದ, ಒಳ್ಳೆ ಎರಿ ಹೊಲ ಸವಳು-ಜವಳು ಆದ್ವು. ನಮ್ಮಪ್ಪನ ಎರಡೆಕರೆ ಹಂಗ ಹೋತು. ಆ ಹೊಲಕ್ಕ ಯಾರರ ಬಂದು "ಸುಂದರ ಜೌಗು ಪ್ರದೇಶ" ಅಂತ ಬೋರ್ಡ್ ಹಚ್ಚಿದ್ರ ನನಗ ಸಿಟ್ಟು ಬರ್ತೈತಿ. ತಾನಾಗಿ ಹುಟ್ಟಿದ ನೀರುನೆಲ ಒಂದು, ನಾವು ಕೆಡಿಸಿದ ನೆಲ ಇನ್ನೊಂದು. ಎರಡಕ್ಕೂ ಒಂದೇ ಹೆಸರು ಇಡಬಾರದು.


ಅಳಿವೆಬಾಗಿಲು

ಕೃಷ್ಣಾತೀರ ಅಣ್ಣ, ನಿಮ್ಮ ಮಾತು ಸರಿ. ಕುದ್ರು, ಕುರ್ವೆ, ಕುರ್ವ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಕಬಿನಿಯಲ್ಲಿ, ವಯನಾಡಿನ ಬದಿಗೆ, ಕುರುವಾ ಎಂಬ ನಡುಗಡ್ಡೆಯೇ ಇದೆ. ಕೃಷ್ಣೆಯಿಂದ ಕಬಿನಿವರೆಗೆ, ಘಟ್ಟದ ಆಚೆಗೂ ಈಚೆಗೂ ಒಂದೇ ಸದ್ದು. ಇಷ್ಟು ಹರಡಿದ ಪದವನ್ನು ಪಠ್ಯಪುಸ್ತಕದಲ್ಲಿ ನಾನು ಒಮ್ಮೆಯೂ ಕಂಡಿಲ್ಲವಲ್ಲ ಎಂಬುದೇ ಬೇಸರ.


ಪದಬೇರು

ಸಂಸ್ಕೃತದ ಕಡೆಯಿಂದ ಒಂದು ಉತ್ತರವಿದೆ. ಅನೂಪ.

"ಅಪ್" ಎಂದರೆ ನೀರು. ಅದು ಸಮಾಸದ ಕೊನೆಯಲ್ಲಿ ಬಂದಾಗ ರೂಪ ಬದಲಿಸುತ್ತದೆ. ದ್ವಿ ಸೇರಿದರೆ ದ್ವೀಪ, ಎರಡೂ ಬದಿಗೆ ನೀರುಳ್ಳದ್ದು. ಅಂತರ್ ಸೇರಿದರೆ ಅಂತರೀಪ, ನೀರಿನೊಳಕ್ಕೆ ಹೋದ ನೆಲ. ನಾವು ದಿನವೂ ಬಳಸುವ ಸಮೀಪ ಕೂಡ ಇದೇ ಗುಂಪಿನದು. ಅದರಲ್ಲೂ ನೀರು ಅಡಗಿದೆ. ಇವಿಷ್ಟಕ್ಕೂ ಪಾಣಿನಿ ಒಂದು ಸೂತ್ರ ಕೊಟ್ಟು, ತಕ್ಷಣವೇ ಇನ್ನೊಂದು ಪುಟ್ಟ ಸೂತ್ರ ಹೇಳುತ್ತಾನೆ: "ಊದನೋರ್ದೇಶೇ". ಅನು ಎಂಬುದರ ಮುಂದೆ ಅಪ್ ಬಂದು, ಹೇಳುತ್ತಿರುವುದು ಒಂದು ಪ್ರದೇಶವಾಗಿದ್ದರೆ, ಆಗ ಈಕಾರ ಬೇಡ, ಊಕಾರ ಬರಲಿ. ಹಾಗೆ ಆದದ್ದು ಅನೂಪ. ನೀರೇ ಹೆಚ್ಚಾಗಿ, ನೆಲದ ಉದ್ದಕ್ಕೂ ನೀರಿನ ಒಡನಾಟವಿರುವ ನಾಡು. ಇಂಥ ಪ್ರದೇಶದ ಹೆಸರಿಗೆಂದೇ ವ್ಯಾಕರಣದಲ್ಲಿ ಪ್ರತ್ಯೇಕ ಸೂತ್ರವಿದೆ ಎಂದು ಮೊದಲ ಸಲ ತಿಳಿದಾಗ ನನಗಾದ ಸಂತೋಷ ಇಂದಿಗೂ ಮಾಸಿಲ್ಲ.

ಅಮರಕೋಶದಲ್ಲಿ "ಜಲಪ್ರಾಯಮನೂಪಂ ಸ್ಯಾತ್" ಎಂದಿದೆ. ಆಯುರ್ವೇದ ನಾಡುಗಳನ್ನು ಮೂರು ಬಗೆ ಮಾಡುತ್ತದೆ. ಒಣನಾಡು ಜಾಂಗಲ, ನೀರಿನ ನಾಡು ಆನೂಪ, ಎರಡರ ನಡುವಿನದು ಸಾಧಾರಣ. ಜಂಗಲ್ ಎಂದರೆ ಇವತ್ತು ನಮಗೆ ದಟ್ಟ ಕಾಡು, ಅದರ ಮೂಲದ ಜಾಂಗಲವಾದರೋ ನೀರು ಕಡಿಮೆಯಿರುವ ಬಯಲು. ಪದಗಳೂ ಹೊಳೆಯ ಹಾಗೆ ಪಾತ್ರ ಬದಲಿಸುತ್ತವೆ.

ನಿಮ್ಮ ಚಿತ್ರದ ಮರಳಿಗೆ ಅದೇ ಕೋಶದಲ್ಲಿ ಇನ್ನೂ ಚೆಂದದ ಮಾತಿದೆ. "ತೋಯೋತ್ಥಿತಂ ತತ್ ಪುಲಿನಂ." ನೀರಿನಿಂದ ಎದ್ದು ಬಂದದ್ದು ಪುಲಿನ. ನೆಲಕ್ಕೆ ಹುಟ್ಟು ಕೊಟ್ಟದ್ದು ನೀರು ಎಂದು ಒಪ್ಪಿಕೊಂಡು ಮಾಡಿದ ಅರ್ಥವಿವರಣೆ ಅದು.

ಮೇಷ್ಟ್ರೇ, ಪರ್ಯಾಯದ್ವೀಪದ ವಿಷಯಕ್ಕೆ: ತೆಲುಗು, ಮರಾಠಿಗಳಲ್ಲಿ ದ್ವೀಪಕಲ್ಪ ಎನ್ನುತ್ತಾರೆ, ಹಿಂದಿಯಲ್ಲಿ ಪ್ರಾಯದ್ವೀಪ. ಕಲ್ಪ ಎಂಬ ಪ್ರತ್ಯಯಕ್ಕೆ "ಪೂರ್ತಿಯಾಗಲು ಸ್ವಲ್ಪ ಕಡಿಮೆ" ಎಂದೇ ಅರ್ಥ. ದ್ವೀಪವಾಗಲು ಸ್ವಲ್ಪ ಉಳಿದಿರುವುದು ದ್ವೀಪಕಲ್ಪ. ನಾವೂ ಇದನ್ನೇ ಇಟ್ಟುಕೊಂಡಿದ್ದರೆ ನಿಮ್ಮ ತರಗತಿಯ ಮಕ್ಕಳು ಆ ಪ್ರಶ್ನೆ ಕೇಳುತ್ತಿರಲಿಲ್ಲ.


ಕಾಡುಹಾದಿ

ಅನೂಪ ಒಳ್ಳೆಯ ಪದ, ಗೌರವದಿಂದಲೇ ಹೇಳುತ್ತೇನೆ. ಆದರೆ ಹತ್ತು ವರ್ಷದ ಮಗುವಿಗೆ ಅದು ಪಕ್ಕದ ಮನೆ ಹುಡುಗನ ಹೆಸರು. ಪುಟದ ತಲೆಯಲ್ಲಿ "ಅನೂಪ" ಎಂದಿದ್ದರೆ ಚಿತ್ರದಲ್ಲಿ ಆ ಹುಡುಗ ಎಲ್ಲಿದ್ದಾನೆ ಎಂದು ಹುಡುಕುತ್ತದೆ.

ನಾನು ಕಾಡಿನ ಕಡೆಯವನು, ಎರಡು ಪದ ಸೇರಿಸುತ್ತೇನೆ. ನಾಗರಹೊಳೆಯ ಕಾಡಿನೊಳಗೆ ಮರವಿಲ್ಲದ, ಹುಲ್ಲು ತುಂಬಿದ, ಸದಾ ತೇವ ಇರುವ ತಗ್ಗುಗಳಿಗೆ ಹಡ್ಲು ಅನ್ನುತ್ತಾರೆ. ಬೇಸಗೆಯಲ್ಲೂ ಅಲ್ಲಿ ಹಸಿರು ಇರುತ್ತದೆ, ಆನೆ, ಕಾಟಿ, ಜಿಂಕೆ ಅಲ್ಲಿಗೇ ಬರುತ್ತವೆ. ಇನ್ನೊಂದು ಉತ್ತರ ಕನ್ನಡದ ಘಟ್ಟದ ಮೇಲಿನ ಜಡ್ಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆ ಮರಗಳ ಜಡ್ಡಿ ನೋಡಿದ್ದೇನೆ. ಹಳ್ಳದ ನೀರು ಮರಗಳ ನಡುವೆ ನಿಧಾನವಾಗಿ ಹರಡಿಕೊಂಡಿರುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲವಲ್ಲ, ಅದಕ್ಕೇ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತವೆ. ಅಲ್ಲಿ ಬೆಳೆಯುವ ಒಂದು ಮರದ ವೈಜ್ಞಾನಿಕ ಹೆಸರು ಗಿಮ್ನಾಕ್ರಾಂಥೆರಾ ಕನಾರಿಕಾ. ಕೆನರಾ ಜಿಲ್ಲೆಯ ಹೆಸರು ಆ ಮರಕ್ಕೆ ಅಂಟಿಕೊಂಡಿದೆ.

ಇಂಗ್ಲಿಷಿನವರು ಹುಲ್ಲಿನ ಜೌಗಿಗೆ ಮಾರ್ಶ್, ಮರಗಳ ಜೌಗಿಗೆ ಸ್ವಾಂಪ್ ಎಂದು ಬೇರೆ ಮಾಡುತ್ತಾರೆ. ನಮ್ಮಲ್ಲಿ ಆ ಭೇದವಿಲ್ಲ, ಎಲ್ಲದಕ್ಕೂ ಜೌಗು ಎಂದು ಬರೆಯಬೇಕು ಎಂದು ಕೊರಗುವ ಅನುವಾದಕರನ್ನು ಕಂಡಿದ್ದೇನೆ. ಹಡ್ಲು ಮತ್ತು ಜಡ್ಡಿ ಅದೇ ಭೇದವನ್ನು ಹೇಳುತ್ತವೆ. ಬೇಕಿರುವುದು ಅವನ್ನು ಪುಸ್ತಕಕ್ಕೆ ತರುವ ಮನಸ್ಸು.


ಅಳಿವೆಬಾಗಿಲು

ಕಾಡುಹಾದಿಯವರೇ, ಹಡ್ಲು ಬಗ್ಗೆ ಒಂದು ಎಚ್ಚರಿಕೆ. ಉಡುಪಿ ಕಡೆ "ಹಡಿಲು ಬಿದ್ದ ಗದ್ದೆ" ಅಂದರೆ ಬೇಸಾಯ ಮಾಡದೆ ಬಿಟ್ಟ ಗದ್ದೆ. ಅದರಲ್ಲಿ ನೀರಿರಲೇಬೇಕೆಂದಿಲ್ಲ. ಹಡ್ಲು, ಹಡಿಲು ಎರಡನ್ನೂ ಒಂದೇ ಎಂದುಕೊಂಡರೆ ಎಡವಟ್ಟಾಗುತ್ತದೆ.


ಕಾಡುಹಾದಿ

ಒಪ್ಪಿದೆ. ಮಕ್ಕಳ ಪುಸ್ತಕಕ್ಕೆ ತರುವುದಾದರೆ "ಕಾಡಿನ ಹಡ್ಲು" ಎಂದು ಪೂರ್ತಿ ಹೇಳುವುದು ಒಳ್ಳೆಯದು. ಕರಾವಳಿಯ ಗದ್ದೆಗಳಿಗೆ ನಿಮ್ಮಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಮೆಟ್ಟಿಲಿದೆಯಲ್ಲ, ಅದನ್ನೂ ಹೇಳಿ.


ಅಳಿವೆಬಾಗಿಲು

ತಗ್ಗಿನಲ್ಲಿರುವುದು ಬೈಲು, ನೀರು ಹೆಚ್ಚು ಕಾಲ ನಿಲ್ಲುತ್ತದೆ, ಹೆಚ್ಚು ಬೆಳೆ. ನಡುವಿನದು ಮಜಲು. ಎತ್ತರದ್ದು ಬೆಟ್ಟು, ಮಳೆ ನಿಂತರೆ ಅದರ ಕೆಲಸವೂ ನಿಂತಿತು. ಬೆಟ್ಟು ಎಂದ ಮಾತ್ರಕ್ಕೆ ಬೆಟ್ಟ ಎಂದುಕೊಳ್ಳಬೇಡಿ. ಕೆಲವೇ ಅಡಿ ಎತ್ತರದ ವ್ಯತ್ಯಾಸಕ್ಕೆ ಮೂರು ಹೆಸರು, ಏಕೆಂದರೆ ಆ ಕೆಲವು ಅಡಿಯಲ್ಲೇ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದು ತೀರ್ಮಾನವಾಗುತ್ತದೆ.


ನಕ್ಷೆಗೆರೆ

ನಾನು ನಕ್ಷೆ ಬರೆಯುವ ಕೆಲಸದವಳು. ಗೆರೆ ಎಳೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಈ ಚರ್ಚೆ ಓದುತ್ತಾ ಕುಳಿತುಬಿಟ್ಟೆ. ಕಾನೂನು ಇಂಥ ಜಾಗಗಳನ್ನು ಹೇಗೆ ಹೆಸರಿಸುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ.

1971ರ ಫೆಬ್ರುವರಿ 2ರಂದು ಇರಾನಿನ ರಾಮ್‌ಸಾರ್ ಎಂಬ ಊರಿನಲ್ಲಿ, ಇಂಗ್ಲಿಷಿನಲ್ಲಿ ವೆಟ್‌ಲ್ಯಾಂಡ್ ಎನ್ನುವ ಇಂಥ ಜಾಗಗಳನ್ನು ಕಾಪಾಡಲು ಒಂದು ಒಪ್ಪಂದವಾಯಿತು. ವೆಟ್‌ಲ್ಯಾಂಡ್ ಎಂದರೇನು ಎಂಬ ಅದರ ವ್ಯಾಖ್ಯೆ ಬಹಳ ವಿಶಾಲವಾದದ್ದು. ಜೌಗು ಇರಲಿ, ನೀರೇ ಇರಲಿ. ಸಹಜವಾದದ್ದಾಗಲಿ, ಮನುಷ್ಯ ಮಾಡಿದ್ದಾಗಲಿ. ಸದಾ ಇರುವುದಾಗಲಿ, ಕೆಲಕಾಲ ಮಾತ್ರ ಇರುವುದಾಗಲಿ. ನಿಂತದ್ದು, ಹರಿಯುವುದು, ಸಿಹಿ, ಉಪ್ಪು, ಎರಡೂ ಬೆರೆತದ್ದು ಎಲ್ಲವೂ ಸೇರುತ್ತದೆ. ಇಳಿತದ ಹೊತ್ತಿನಲ್ಲಿ ಆರು ಮೀಟರಿಗಿಂತ ಹೆಚ್ಚು ಆಳವಿಲ್ಲದ ಕಡಲೂ ಇದರೊಳಗೇ. ಈ ಲೆಕ್ಕದಲ್ಲಿ ನಿಮ್ಮ ಪುಟದ ಚಿತ್ರ ಅಂಚಿನಿಂದ ಅಂಚಿಗೆ ಒಂದೇ ಜಾಗ. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಈ ಒಪ್ಪಂದದ ತಾಣಗಳ ಪಟ್ಟಿ ಸೇರಿತು. 2024ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದವು. ಹೆಸರುಗಳನ್ನೇ ನೋಡಿ: ತಿಟ್ಟು, ಅಳಿವೆ, ಕೆರೆ, ಸಮುದ್ರ. ನಾಲ್ಕು ತಾಣ, ನಾಲ್ಕು ಪದ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು, ಸಲೀಂ ಅಲಿಯವರ ಒತ್ತಾಸೆಯಿಂದ. ಕಾವೇರಿಯ ನಡುವಿನ ಆ ಕಿರು ದಿಬ್ಬಗಳಿಗೆ ತಿಟ್ಟು ಎಂದದ್ದು ಎಷ್ಟು ಅಚ್ಚುಕಟ್ಟು! ಅಂಕಸಮುದ್ರದಲ್ಲಿ ಸಮುದ್ರವಿಲ್ಲ, ಅದು ಊರಿನ ಕೆರೆ. ದೊಡ್ಡ ಕೆರೆಗೆ ಸಮುದ್ರ ಎಂದು ಕರೆಯುವುದು ನಮ್ಮ ಹಳೆಯ ರೂಢಿ.

ಆದರೆ ನಮ್ಮ ದೇಶದ 2017ರ ವೆಟ್‌ಲ್ಯಾಂಡ್ ನಿಯಮಗಳು ಅದೇ ವ್ಯಾಖ್ಯೆಯನ್ನು ತೆಗೆದುಕೊಂಡು, ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೋ ನೀರಾವರಿಗೋ ಕಟ್ಟಿದ ಕೆರೆಗಳನ್ನು ಹೊರಗಿಟ್ಟವು. ಯಾವ ಪದ ಬಳಸುತ್ತೇವೆ ಎನ್ನುವುದು ಬರೀ ಭಾಷೆಯ ಚಂದದ ಪ್ರಶ್ನೆ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ಗಜನಿಯನ್ನು ಗಜನಿ ಎಂದು ಬರೆದರೆ ಅದು ಏನೆಂದು ತಿಳಿಯುತ್ತದೆ. ಬರೀ "ಗದ್ದೆ" ಎಂದರೆ ಅದರ ನೀರಿನ ಅರ್ಧ ಕಾಗದದಲ್ಲಿ ಮಾಯ.

ಇನ್ನು ಕಡಲಿನ ಕಾನೂನು. 1982ರ ಸಮುದ್ರ ಒಪ್ಪಂದದ ಪ್ರಕಾರ ದ್ವೀಪವೆಂದರೆ ಭರತದ ಹೊತ್ತಿನಲ್ಲೂ ನೀರಿನ ಮೇಲಿರುವ ಸಹಜವಾದ ನೆಲ. ಇಳಿತದಲ್ಲಿ ಮಾತ್ರ ಕಾಣಿಸಿಕೊಂಡು ಭರತದಲ್ಲಿ ಮುಳುಗುವುದಕ್ಕೆ ಬೇರೆಯದೇ ಹೆಸರು, ಬೇರೆಯದೇ ಹಕ್ಕು. ಬಂಗಾಳ ಕೊಲ್ಲಿಯಲ್ಲಿ 1970ರ ಭೋಲಾ ಚಂಡಮಾರುತದ ನಂತರ ಒಂದು ಮರಳುದಿಬ್ಬ ಎದ್ದು ಬಂತು. ನಾವು ನ್ಯೂ ಮೂರ್ ಎಂದೆವು, ಬಾಂಗ್ಲಾದವರು ದಕ್ಷಿಣ ತಲ್ಪಟ್ಟಿ ಎಂದರು. ಎರಡೂ ದೇಶ ತಮ್ಮದೆಂದವು. 2010ರ ಹೊತ್ತಿಗೆ ಅದು ಪೂರ್ತಿ ಮುಳುಗಿದೆ ಎಂದು ಸುದ್ದಿ ಬಂತು. ಎರಡು ಹೆಸರು ಉಳಿದವು, ನೆಲ ಉಳಿಯಲಿಲ್ಲ.


ದೋಣಿಮಾತು

ಬಂಗಾಳಿಯಿಂದ ಅನುವಾದ ಮಾಡುವಾಗ ನನಗೆ ದಿನವೂ ಎದುರಾಗುವ ತೊಂದರೆ ಇದು. ಅವರಲ್ಲಿ ನದಿ ತಂದು ಹಾಕಿದ, ಇಂದು ಇದ್ದು ನಾಳೆ ಇಲ್ಲವಾಗುವ ಮರಳುನೆಲ ಚರ್. ಅಸ್ಸಾಮಿನಲ್ಲಿ ಚಾಪೊರಿ. ಮಳೆಗಾಲದಲ್ಲಿ ಕಡಲಿನಂತೆ ತುಂಬಿ, ಬೇಸಗೆಯಲ್ಲಿ ಭತ್ತದ ಬಯಲಾಗುವ ಬೋಗುಣಿಯಂಥ ನಾಡು ಹಾವೊರ್. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಇನ್ನೊಂದು ವಿಸ್ಮಯವಿದೆ. ಗಿಡ, ಬೇರು, ಮಣ್ಣು ಹೆಣೆದುಕೊಂಡು ನೀರಿನ ಮೇಲೆ ತೇಲುವ ನೆಲಕ್ಕೆ ಅಲ್ಲಿ ಫುಮ್ದಿ ಎನ್ನುತ್ತಾರೆ. ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದ ಸಂಗಾಯ್ ಜಿಂಕೆ ಓಡಾಡುವುದು ಅದರ ಮೇಲೆಯೇ. ಬೇಸಗೆಯಲ್ಲಿ ನೀರು ಇಳಿದಾಗ ಫುಮ್ದಿ ತಳಕ್ಕೆ ತಾಗಿ, ಅದರ ಬೇರು ಮಣ್ಣಿನಿಂದ ಸಾರ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಮತ್ತೆ ತೇಲುತ್ತದೆ.

ಇವನ್ನು ಕನ್ನಡಕ್ಕೆ ತರುವಾಗ ಮೊದಮೊದಲು "ನಡುಗಡ್ಡೆ", "ಜೌಗು" ಎಂದು ಬರೆದೆ. ಈಗ ಚರ್ ಅನ್ನು ಚರ್ ಎಂದೇ ಇಟ್ಟು, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸುತ್ತೇನೆ.

ಒಂದು ಪದದ ಕಥೆ ಮಾತ್ರ ಹೇಳಿಬಿಡುತ್ತೇನೆ. ದ್ವೀಪಸಮೂಹಕ್ಕೆ ಇಂಗ್ಲಿಷಿನಲ್ಲಿ ಇರುವ ಆರ್ಕಿಪೆಲಾಗೊ ಎಂಬ ಪದದಲ್ಲಿ ದ್ವೀಪವೇ ಇಲ್ಲ. ಅದು ಗ್ರೀಸ್ ಮತ್ತು ಟರ್ಕಿಯ ನಡುವಿನ ಏಜಿಯನ್ ಸಮುದ್ರದ ಹೆಸರಾಗಿತ್ತು, "ಮುಖ್ಯ ಕಡಲು" ಎಂಬ ಅರ್ಥದಲ್ಲಿ. ಆ ಕಡಲು ದ್ವೀಪಗಳಿಂದ ತುಂಬಿದ್ದರಿಂದ ಕಡಲಿನ ಹೆಸರು ಬರಬರುತ್ತಾ ದ್ವೀಪಗಳ ಗುಂಪಿಗೆ ಅಂಟಿಕೊಂಡಿತು. ನೀರಿನ ಹೆಸರು ನೆಲಕ್ಕೆ ಹೋದ ಪದ ಅದು.


ಮಲೆನೆಲ

ಎಲ್ಲರೂ ಸಹಜವಾದ ಜಾಗಗಳ ಮಾತಾಡಿದಿರಿ. ಮುಳುಗಡೆ ಎಂಬ ಪದವನ್ನು ಯಾರೂ ಹೇಳಲಿಲ್ಲ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಆಮೇಲೆ ನಮ್ಮ ಸೀಮೆಯಲ್ಲಿ ಮುಳುಗಡೆ ಎಂಬುದು ಜಾಗದ ಹೆಸರೂ ಆಯಿತು, ಕಾಲದ ಹೆಸರೂ ಆಯಿತು. "ಮುಳುಗಡೆಗಿಂತ ಮುಂಚೆ" ಎಂದು ಹಿರಿಯರು ವರ್ಷ ಎಣಿಸುತ್ತಾರೆ. ಹಿನ್ನೀರಿನ ನಡುವೆ ಬೆಟ್ಟದ ನೆತ್ತಿಗಳು ನಡುಗಡ್ಡೆಗಳಾಗಿ ನಿಂತಿವೆ. ಸಿಗಂದೂರು, ತುಮರಿಯ ಕಡೆಗೆ ಜನ ದ್ವೀಪ ಎಂದರು. ನಿಜ ಹೇಳಬೇಕೆಂದರೆ ಅದು ಪೂರ್ತಿ ದ್ವೀಪವಲ್ಲ, ಕಾಡಿನೊಳಗಿಂದ ಸುತ್ತಿ ಬಳಸಿ ಬರುವ ನೆಲದ ದಾರಿ ಇತ್ತು. ಆದರೆ ದಿನದ ಬದುಕು ಲಾಂಚಿನ ಮೇಲೆ ನಿಂತಿತ್ತು. ಸಂಜೆ ಕೊನೆಯ ಲಾಂಚು ತಪ್ಪಿದರೆ ಆಚೆ ದಡ ಕಣ್ಣಿಗೆ ಕಾಣುತ್ತಿದ್ದರೂ ಮನೆ ಸೇರುವ ಹಾಗಿಲ್ಲ. ಅಂಥವರಿಗೆ "ಇದು ತಾಂತ್ರಿಕವಾಗಿ ದ್ವೀಪವಲ್ಲ" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 2025ರಲ್ಲಿ ಸೇತುವೆ ಆಯಿತು. ಇನ್ನು ಆ ಪದ ಎಷ್ಟು ಕಾಲ ಉಳಿಯುತ್ತದೋ ನೋಡಬೇಕು.

ಬೇಸಗೆಯಲ್ಲಿ ನೀರು ತೀರಾ ಇಳಿದಾಗ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆ ಬರುತ್ತದೆ. ಜನ ಹೋಗಿ ಅದರ ಮೇಲೆ ನಡೆಯುತ್ತಾರೆ. ನನ್ನ ಅಜ್ಜಿ ಹೋದವಳು ಅಣೆಕಟ್ಟು ನೋಡಲಿಲ್ಲ. ತನ್ನ ತವರಿನ ಅಂಗಳ ಯಾವ ದಿಕ್ಕಿಗೆ ಇತ್ತು ಎಂದು ನೋಡುತ್ತಾ ನಿಂತಿದ್ದಳು. ಮಕ್ಕಳ ಪುಸ್ತಕದಲ್ಲಿ ಮುಳುಗಡೆಗೂ ಒಂದು ಮೂಲೆ ಇರಲಿ ಎಂದು ನನ್ನ ಕೋರಿಕೆ.


ಹೊಳೆದಂಡೆ (ಪ್ರಶ್ನೆ ಕೇಳಿದವರು)

ಮಲೆನೆಲ ಅವರೇ, ಖಂಡಿತ ಇರುತ್ತದೆ. ಹಿನ್ನೀರಿನ ಪುಟ ಬೇರೆ ಇದೆ, ಅದರಲ್ಲಿ ಸೇರಿಸುತ್ತೇನೆ.

ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಮತ್ತೆ ಓದಿ ಒಂದು ಹೊಸ ಪದ ಕಟ್ಟಿದೆ: ನೀರ್ನೆಲ. ಕಾಲ್ನಡೆ, ನೀರ್ಗುಳ್ಳೆ ಅಂತ ಹೇಳುವ ಹಾಗೆ ನೀರು ಮತ್ತು ನೆಲ ಸೇರಿ. ನಿಮಗೆಲ್ಲ ಏನನ್ನಿಸುತ್ತದೆ?


ಭೂಗೋಳಮೇಷ್ಟ್ರು

ಕಟ್ಟಿದ ಬಗೆ ಸರಿಯಾಗಿದೆ. ಆದರೆ ತರಗತಿಯಲ್ಲಿ ಜೋರಾಗಿ ಓದಿಸಿ ನೋಡಿ. "ನೀರ್ನೆಲೆ" ಎಂದು ಕೇಳಿಸುತ್ತದೆ, ಆಗ ಅರ್ಥ ನೀರಿನ ಸೆಲೆ ಆಗಿಬಿಡುತ್ತದೆ. "ನೀರುನೆಲ" ಎಂದು ಬಿಡಿಸಿಯೇ ಬರೆಯಿರಿ. ಮೇಲೆ ಕೃಷ್ಣಾತೀರದವರು ಯಾವ ಯೋಚನೆಯೂ ಇಲ್ಲದೆ ಆ ಪದವನ್ನು ಆಗಲೇ ಬಳಸಿದ್ದಾರೆ, ಗಮನಿಸಿದಿರಾ? ಯಾರಿಗೂ ವಿವರಣೆ ಬೇಕಾಗಲಿಲ್ಲ.


ಕೃಷ್ಣಾತೀರ

ಮೇಷ್ಟ್ರ, ನನಗ ಗೊತ್ತ ಇರಲಿಲ್ಲ ನೋಡ್ರಿ. ಬಾಯಿಗೆ ಬಂತು, ಬರದೆ.


ಪದಬೇರು

ನೀರುನೆಲ ಚೆನ್ನಾಗಿದೆ. ಅನೂಪವನ್ನು ವಾಪಸು ತೆಗೆದುಕೊಳ್ಳುತ್ತೇನೆ, ಬೇಸರವಿಲ್ಲ.


ಹೊಳೆದಂಡೆ (ಪ್ರಶ್ನೆ ಕೇಳಿದವರು)

ಈ ದಿನ ಅಕ್ಕನ ಮಗಳಿಗೆ ಪುಟ ತೋರಿಸಿದೆ. ಐದನೇ ಕ್ಲಾಸು. "ನೀರುನೆಲ" ಎಂಬ ತಲೆಬರಹ ಓದಿದಳು, ಚಿತ್ರ ನೋಡಿದಳು. ಗದ್ದೆಯ ಮೇಲೆ ಬೆರಳಿಟ್ಟು, "ಮಾಮ, ಇದು ಈಗ ನೀರಾ, ನೆಲಾನಾ?" ಎಂದಳು. ಅವಳ "ಈಗ" ಎಂಬ ಪದ ನನ್ನನ್ನು ಹಿಡಿದು ನಿಲ್ಲಿಸಿತು. ಯಾವ ತಿಂಗಳು ಎಂದು ಕೇಳಬೇಕು ಎಂದು ಅಳಿವೆಬಾಗಿಲು ಅವರು ಮೊದಲ ದಿನವೇ ಹೇಳಿದ್ದರು. ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದರ ಮೇಲೆ ಬೈಲು, ಮಜಲು ಎಂದರು. ಕೆರೆಯಂಗಳಕ್ಕೂ ಬೇಸಗೆ ಬೇಕು, ಕಡಲ ಕಾನೂನಿಗೂ ಭರತ ಇಳಿತ ಬೇಕು. ನಾನು ಹೆಸರು ಹುಡುಕುತ್ತಿದ್ದೆ. ನೀವೆಲ್ಲ ಹೊತ್ತು ಹೇಳುತ್ತಿದ್ದಿರಿ.

ಚಿತ್ರ ಬರೆಯುವವರೊಂದಿಗೆ ಮಾತಾಡಿದೆ. ಒಪ್ಪಿದ್ದಾರೆ. ಈಗ ಅದು ಎರಡು ಪುಟ. ಎಡಗಡೆ ಇಳಿತ, ಬಲಗಡೆ ಭರತ. ಜಾಗ ಅದೇ, ಮರ ಅವೇ, ದೋಣಿ ಅದೇ. ಎರಡರ ಮೇಲೂ ಸೇರಿ "ನೀರುನೆಲ" ಎಂಬ ತಲೆಬರಹ. ಒಳಗೆ ಅಳಿವೆ, ಕುದ್ರು, ಕಾಂಡ್ಲಾ, ಬೆಂಗ್ರೆ, ಗಜನಿ ಎಂದು ಒಂದೊಂದಕ್ಕೂ ಅದರದೇ ಹೆಸರು. ಕುದ್ರುವಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಕುರ್ವೆ, ಕುರ್ವ, ಗಡ್ಡಿ ಎಂದೂ ಕರೆಯುತ್ತಾರೆ" ಎಂದು ಹಾಕಿದ್ದೇನೆ.


ಅಳಿವೆಬಾಗಿಲು

ಓದಿ ಕಣ್ಣು ತುಂಬಿತು. ಮೂರು ವಿಷಯ ಚಿತ್ರಕಾರರಿಗೆ ದಾಟಿಸಿ.

ಇಳಿತದ ಪುಟದಲ್ಲಿ ದೋಣಿಯನ್ನು ನೆಟ್ಟಗೆ ನಿಲ್ಲಿಸಬೇಡಿ, ಕೆಸರಿನ ಮೇಲೆ ಒಂದು ಬದಿಗೆ ವಾಲಿಕೊಂಡಿರಲಿ. ನೆರಳನ್ನೂ ನೋಡಿ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ, ಎಡಪುಟದಲ್ಲಿ ಬೆಳಿಗ್ಗೆ ಏಳಾಗಿದ್ದರೆ ಬಲಪುಟದಲ್ಲಿ ಮಧ್ಯಾಹ್ನ ಒಂದು ದಾಟಿರಬೇಕು. ಗಜನಿಯ ಬಾಗಿಲು ಎರಡೂ ಪುಟದಲ್ಲಿ ಒಂದೇ ಥರ ಇರಬಾರದು. ಭತ್ತ ನಿಂತಿದ್ದರೆ ಭರತದ ಹೊತ್ತಿಗೆ ಮುಚ್ಚಿರಬೇಕು, ಇಲ್ಲದಿದ್ದರೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಭತ್ತ ಇದೆಯೋ, ಕೊಯ್ಲು ಆಗಿದೆಯೋ ಎಂದು ಮೊದಲು ತೀರ್ಮಾನಿಸಿಕೊಳ್ಳಿ.


ಹೊಳೆದಂಡೆ (ಪ್ರಶ್ನೆ ಕೇಳಿದವರು)

ಭತ್ತ ಇದೆ. ಬಾಗಿಲು ಮುಚ್ಚಿಸುತ್ತೇನೆ.